ಹಿತ್ತಲ ಬಾಗಿಲ ಬೀಗದ ಕೈ: ಹೈಟಿ ಕಂಡ ದಿಗ್ಬಂಧನಗಳು

(ಒಂದು ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದು ಪ್ಲಾಸ್ಟಿಕ್ ಕ್ಯಾನ್‌ನಿಂದ ಮಾತು ಶುರು ಮಾಡುತ್ತೇನೆ. 1994ರ ಮಧ್ಯಭಾಗ. ಕೆರಿಬಿಯನ್ ಸಮುದ್ರದ ಪುಟ್ಟ ದೇಶ ಹೈಟಿಯ ರಾಜಧಾನಿ ಪೋರ್ಟ್-ಔ-ಪ್ರಿನ್ಸ್. ವಿಶ್ವಸಂಸ್ಥೆ ಈ ದೇಶಕ್ಕೆ ಪೆಟ್ರೋಲ್ ಹೋಗಬಾರದು ಎಂದು ಕಟ್ಟಪ್ಪಣೆ ಮಾಡಿದೆ. ಸಮುದ್ರದಲ್ಲಿ ಯುದ್ಧನೌಕೆಗಳು ಕಾವಲು ನಿಂತಿವೆ. ಆದರೆ ರಾಜಧಾನಿಯ ರಸ್ತೆ ಬದಿಗೆ ಬನ್ನಿ. ಗ್ಯಾಲನ್ ಅಳತೆಯ ಪ್ಲಾಸ್ಟಿಕ್ ಕ್ಯಾನ್‌ಗಳು ಸಾಲಾಗಿ ಕೂತಿವೆ. ಒಳಗೆ ಪೆಟ್ರೋಲ್. ಪಕ್ಕದಲ್ಲಿ ಒಂದು ಆಲಿಕೆ. ಕಾರು ನಿಂತರೆ ಹುಡುಗ ಓಡಿ ಬಂದು ಸುರಿದುಕೊಡುತ್ತಾನೆ. ಬೆಲೆ ಮಾತ್ರ ಮೊದಲಿನ ಹಲವು ಪಟ್ಟು.

ಆ ಹುಡುಗನಿಗೆ ಸಿಗುವುದು ಚಿಲ್ಲರೆ ಕಾಸು. ಉಳಿದ ದುಡ್ಡು ಯಾರ ಜೇಬಿಗೆ ಹೋಯಿತು? ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಅಂತರರಾಷ್ಟ್ರೀಯ ನಿರ್ಬಂಧ ಎಂದಾಗ ನಮ್ಮ ತಲೆಗೆ ಬರುವುದು ಇರಾನ್, ರಷ್ಯಾ, ಉತ್ತರ ಕೊರಿಯಾ. ಅವೆಲ್ಲ ಗಟ್ಟಿ ದೇಶಗಳು. ಅಲ್ಲಿ ಸೇನೆ ಇದೆ, ಅಧಿಕಾರಿಗಳಿದ್ದಾರೆ, ಆಜ್ಞೆ ಕೊಟ್ಟರೆ ಕೊನೆಯ ಹಳ್ಳಿಯವರೆಗೆ ತಲುಪುತ್ತದೆ. ಹೈಟಿಯ ಕಥೆ ಬೇರೆ. ಸರ್ಕಾರವೇ ತನ್ನ ಕಾಲ ಮೇಲೆ ನಿಲ್ಲಲಾರದ ದೇಶ ಅದು. ಅಂಥ ದೇಶದ ಮೇಲೆ ಹೊರಗಿನಿಂದ ಒತ್ತಡ ಹಾಕಿದರೆ ಆ ಒತ್ತಡ ಎಲ್ಲಿ ಹೋಗಿ ಬೀಳುತ್ತದೆ? ಹೈಟಿ ಇದನ್ನು ಒಂದಲ್ಲ, ನಾಲ್ಕೈದು ಸಲ ಅನುಭವಿಸಿದೆ.

ಮೊದಲನೆಯದು ತುಂಬಾ ಹಳೆಯದು. 1804ರಲ್ಲಿ ಹೈಟಿಯ ಗುಲಾಮರು ಫ್ರೆಂಚರನ್ನು ಸೋಲಿಸಿ ಸ್ವತಂತ್ರರಾದರು. ಗುಲಾಮರೇ ಬಂಡೆದ್ದು ಗೆದ್ದು ದೇಶ ಕಟ್ಟಿದ್ದು ಜಗತ್ತಿನ ಇತಿಹಾಸದಲ್ಲೇ ದೊಡ್ಡ ಘಟನೆ. ಸುತ್ತಲಿನ ದೇಶಗಳಿಗೆ ಅದು ಹಿಡಿಸಲಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆಗ ಲಕ್ಷಾಂತರ ಗುಲಾಮರಿದ್ದರು. ಈ ಸುದ್ದಿ ಅವರ ಕಿವಿಗೆ ಬಿದ್ದರೆ ಗತಿಯೇನು ಎಂಬ ಭಯ. 1806ರಲ್ಲಿ ಅಮೆರಿಕದ ಸಂಸತ್ತು ಹೈಟಿ ಜೊತೆಗಿನ ವ್ಯಾಪಾರವನ್ನೇ ನಿಷೇಧಿಸಿತು. ಹೈಟಿ ಒಂದು ದೇಶ ಎಂದು ಅಮೆರಿಕ ಒಪ್ಪಿಕೊಂಡಿದ್ದು 1862ರಲ್ಲಿ, ಲಿಂಕನ್ ಕಾಲದಲ್ಲಿ. ಈ ನಡುವೆ, 1825ರಲ್ಲಿ, ಫ್ರಾನ್ಸ್ ಯುದ್ಧನೌಕೆಗಳನ್ನು ಕಳಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಯಾರಿಗೆ ಪರಿಹಾರ? ಗುಲಾಮರನ್ನು ಮತ್ತು ತೋಟಗಳನ್ನು ಕಳೆದುಕೊಂಡ ಮಾಲೀಕರಿಗೆ! ಮುಂದೆ ಅದು 9 ಕೋಟಿಗೆ ಇಳಿಯಿತು. ಅದನ್ನು ಕಟ್ಟಲು ಮಾಡಿದ ಸಾಲ, ಆ ಸಾಲ ತೀರಿಸಲು ಮಾಡಿದ ಮತ್ತೊಂದು ಸಾಲ, ಹೀಗೆ ಎಳೆದುಕೊಂಡು ಹೋಗಿ 1947ರವರೆಗೆ ಬಂತು. ಹೈಟಿ ಯಾಕೆ ಬಡ ದೇಶ ಎಂದು ಕೇಳುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ನನಗಂತೂ ಇದನ್ನು ಓದುವಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಈಗ ನೇರವಾಗಿ 1990ಕ್ಕೆ ಬರೋಣ. ತಂದೆ ಮತ್ತು ಮಗ ಡುವಾಲಿಯರ್‌ಗಳ ಸರ್ವಾಧಿಕಾರ 1957ರಿಂದ 1986ರವರೆಗೆ ನಡೆದಿತ್ತು. ಅದು ಹೋದ ಮೇಲೆ ಒಂದಾದ ಮೇಲೊಂದು ಸೇನಾ ಸರ್ಕಾರಗಳು. 1990ರ ಡಿಸೆಂಬರ್‌ನಲ್ಲಿ ಕೊನೆಗೂ ಒಂದು ಸರಿಯಾದ ಚುನಾವಣೆ ನಡೆಯಿತು. ಕೊಳೆಗೇರಿಗಳ ಜನರ ನಡುವೆ ಕೆಲಸ ಮಾಡುತ್ತಿದ್ದ ಜ್ಯಾಂ-ಬರ್ಟ್ರಾಂಡ್ ಅರಿಸ್ಟೀಡ್ ಎಂಬ ಪಾದ್ರಿ ಸುಮಾರು 67% ಮತ ಪಡೆದು ಗೆದ್ದರು. ಅವರ ಚಳವಳಿಗೆ 'ಲಾವಲಾಸ್' ಎಂದು ಹೆಸರು. ಕ್ರಿಯೋಲ್ ಭಾಷೆಯಲ್ಲಿ ಅದಕ್ಕೆ ಮಹಾಪೂರ ಎಂದರ್ಥ. 1991ರ ಫೆಬ್ರವರಿಯಲ್ಲಿ ಅಧಿಕಾರಕ್ಕೆ ಬಂದರು. ಸೆಪ್ಟೆಂಬರ್ 30ಕ್ಕೆ ಸೇನೆ ಅವರನ್ನು ಕಿತ್ತುಹಾಕಿತು. ಎಂಟು ತಿಂಗಳೂ ತುಂಬಿರಲಿಲ್ಲ. ಜನರಲ್ ರಾವುಲ್ ಸೆಡ್ರಾಸ್ ಅಧಿಕಾರ ಹಿಡಿದರು. ಅವರ ಮೂರು ವರ್ಷದಲ್ಲಿ ಕೊಲೆಯಾದವರು 3,000ಕ್ಕೂ ಹೆಚ್ಚು ಎಂದು ಅಂದಾಜು.

ಜಗತ್ತು ಸುಮ್ನೆ ಕೂರಲಿಲ್ಲ. ಅಕ್ಟೋಬರ್‌ನಲ್ಲೇ ಅಮೆರಿಕ ಖಂಡದ ದೇಶಗಳ ಒಕ್ಕೂಟ ವ್ಯಾಪಾರ ನಿರ್ಬಂಧ ಹಾಕಿತು. ಆದರೆ ಒಕ್ಕೂಟದ ಮಾತು ಅದರ ಸದಸ್ಯರಿಗಷ್ಟೇ. ಅದೂ ಕಡ್ಡಾಯವಲ್ಲ. ಯುರೋಪಿನ ದೇಶಗಳು ಆ ಒಕ್ಕೂಟದಲ್ಲಿರಲಿಲ್ಲ. ಹಾಗಾಗಿ ತೈಲದ ಹಡಗುಗಳು ಬರುತ್ತಲೇ ಇದ್ದವು. ಅಮೆರಿಕವೂ ಮರುವರ್ಷ ತನ್ನ ಕಂಪನಿಗಳ ಹೊಲಿಗೆ ಮತ್ತು ಜೋಡಣೆ ಕಾರ್ಖಾನೆಗಳಿಗೆ ವಿನಾಯಿತಿ ಕೊಟ್ಟಿತು. ಸೇನೆಯವರಿಗೆ ಆಗಲೇ ಅರ್ಥವಾಯಿತು, ಇವರು ಜೋರಾಗಿ ಗದರುತ್ತಾರೆ, ಹೊಡೆಯುವುದಿಲ್ಲ.

ಇಲ್ಲಿಂದ ಮುಂದಿನ ಭಾಗ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕಂದರೆ ನಿರ್ಬಂಧ ಕೆಲಸ ಮಾಡುತ್ತದೋ ಇಲ್ಲವೋ ಎಂದು ವಾದ ಮಾಡುವ ಎರಡೂ ಕಡೆಯವರು ಇದನ್ನು ಅರ್ಧಂಬರ್ಧ ಹೇಳುತ್ತಾರೆ.

1993ರ ಜೂನ್ 16ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 841ನೇ ನಿರ್ಣಯ ಮಾಡಿತು. ಈ ಸಲ ಎಲ್ಲ ದೇಶಗಳಿಗೂ ಕಡ್ಡಾಯ. ತೈಲ ಇಲ್ಲ, ಶಸ್ತ್ರಾಸ್ತ್ರ ಇಲ್ಲ, ಸೇನಾ ಸರ್ಕಾರದ ವಿದೇಶಿ ಹಣಕ್ಕೆ ತಡೆ. ಒಂದು ವಾರದಲ್ಲಿ ಜಾರಿಗೆ ಬಂತು. ಏನಾಯಿತು ಗೊತ್ತಾ? ಸೆಡ್ರಾಸ್ ಹತ್ತೇ ದಿನದಲ್ಲಿ ಮಾತುಕತೆಗೆ ಬಂದರು. ಜುಲೈ 3ರಂದು ನ್ಯೂಯಾರ್ಕ್‌ನ ಗವರ್ನರ್ಸ್ ಐಲೆಂಡ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಅಕ್ಟೋಬರ್ 30ಕ್ಕೆ ಅರಿಸ್ಟೀಡ್ ವಾಪಸ್ ಬರಬೇಕು, ಅದಕ್ಕೆ ಮೊದಲು ಸೆಡ್ರಾಸ್ ಕೆಳಗಿಳಿಯಬೇಕು ಎಂಬ ಮಾತಾಯಿತು.

ಅಂದರೆ ನಿರ್ಬಂಧ ಕೆಲಸ ಮಾಡಿತು, ಅಲ್ವಾ? ಮಾಡಿತು. ಇದನ್ನು ಮುಚ್ಚಿಡಬಾರದು. ಇಂಧನ ನಿಲ್ಲುತ್ತದೆ, ಹೊರಗಿಟ್ಟ ಹಣ ಸಿಕ್ಕಿಹಾಕಿಕೊಳ್ಳುತ್ತದೆ ಎಂಬ ಭಯ ಮೇಲಿನವರನ್ನು ಹಿಡಿದು ಅಲ್ಲಾಡಿಸಿತು. ಇನ್ನೂ ಹಿತ್ತಲ ಬಾಗಿಲು ತೆರೆದುಕೊಳ್ಳಲು ಅವರಿಗೆ ಸಮಯ ಸಿಕ್ಕಿರಲಿಲ್ಲ.

ಆಮೇಲೆ ಆದದ್ದೇ ದೊಡ್ಡ ತಪ್ಪು. ಆಗಸ್ಟ್ 27ರಂದು, ಅಂದರೆ ಅರಿಸ್ಟೀಡ್ ಬರಲು ಎರಡು ತಿಂಗಳು ಇರುವಾಗಲೇ, ಭದ್ರತಾ ಮಂಡಳಿ ನಿರ್ಬಂಧವನ್ನು ಅಮಾನತಿನಲ್ಲಿಟ್ಟಿತು. ಒಳ್ಳೆಯ ನಡತೆಗೆ ಬಹುಮಾನದ ಹಾಗೆ. ತೈಲದ ಹಡಗುಗಳು ಬಂದವು. ಟ್ಯಾಂಕುಗಳು ತುಂಬಿದವು. ಟ್ಯಾಂಕು ತುಂಬಿದ ಮೇಲೆ ಸೇನೆಯ ಭಾಷೆಯೇ ಬದಲಾಯಿತು. ಸೆಪ್ಟೆಂಬರ್ 11ರಂದು ಅರಿಸ್ಟೀಡ್ ಬೆಂಬಲಿಗರಾಗಿದ್ದ ವ್ಯಾಪಾರಿ ಆಂಟ್ವಾನ್ ಇಜ್ಮೆರಿಯವರನ್ನು ಚರ್ಚಿನಿಂದ ಹೊರಗೆಳೆದು ಹಾಡಹಗಲೇ ಕೊಂದರು. ಅಕ್ಟೋಬರ್ 11ರಂದು ಅಮೆರಿಕದ 'ಹರ್ಲನ್ ಕೌಂಟಿ' ಎಂಬ ಹಡಗು ಸುಮಾರು 200 ಸೈನಿಕರನ್ನು ಹೊತ್ತು ಪೋರ್ಟ್-ಔ-ಪ್ರಿನ್ಸ್ ಬಂದರಿಗೆ ಬಂತು. ಅವರು ಯುದ್ಧಕ್ಕೆ ಬಂದವರಲ್ಲ. ಒಪ್ಪಂದದ ಪ್ರಕಾರ ತರಬೇತಿ ಮತ್ತು ಕಟ್ಟಡ ಕೆಲಸಕ್ಕೆ ಬಂದವರು. ಬಂದರಿನಲ್ಲಿ ಬಂದೂಕು ಹಿಡಿದ ಒಂದು ಗುಂಪು ಕೂಗಾಡುತ್ತಾ ನಿಂತಿತ್ತು. ಇದನ್ನು ಇನ್ನೊಂದು ಸೊಮಾಲಿಯಾ ಮಾಡುತ್ತೇವೆ ಎಂದು ಕೂಗಿದರು. ಸೊಮಾಲಿಯಾದ ಮೊಗದಿಶುನಲ್ಲಿ ಅಮೆರಿಕದ ಸೈನಿಕರು ಸತ್ತು ಆಗ ಒಂದು ವಾರವಷ್ಟೇ ಆಗಿತ್ತು. ಮರುದಿನ ಹಡಗು ತಿರುಗಿ ಹೋಯಿತು. ಮತ್ತೆ ಎರಡು ದಿನಕ್ಕೆ, ಅಕ್ಟೋಬರ್ 14ರಂದು, ಕಾನೂನು ಸಚಿವ ಗೀ ಮಲರಿಯವರನ್ನು ಗುಂಡಿಟ್ಟು ಕೊಂದರು.

ನಿರ್ಬಂಧ ಮತ್ತೆ ಬಂತು. ಆದರೆ ಈ ಸಲ ಸೇನೆ ಸಿದ್ಧವಾಗಿತ್ತು.

ಈಗ ಭೂಪಟ ನೆನಪಿಸಿಕೊಳ್ಳಿ. ಹೈಟಿ ಒಂದು ದ್ವೀಪದ ಪಶ್ಚಿಮ ಭಾಗ. ಪೂರ್ವ ಭಾಗ ಡೊಮಿನಿಕನ್ ಗಣರಾಜ್ಯ. ನಡುವೆ ಸುಮಾರು 380 ಕಿಲೋಮೀಟರ್ ಗಡಿ. ಬಹುಪಾಲು ಬೆಟ್ಟಗುಡ್ಡ. ಸಮುದ್ರದಲ್ಲಿ ಎಷ್ಟು ಯುದ್ಧನೌಕೆ ನಿಲ್ಲಿಸಿದರೂ ಈ ಗಡಿ ತೆರೆದೇ ಇತ್ತು. ಹೈಟಿ ಕಡೆ ಮಾಲ್‌ಪಾಸ್, ಆಚೆ ಕಡೆ ಹಿಮಾನಿ. ಪಕ್ಕದಲ್ಲೇ ದೊಡ್ಡ ಉಪ್ಪುನೀರಿನ ಸರೋವರ. ಲಾರಿಯಲ್ಲಿ, ದೋಣಿಯಲ್ಲಿ, ತಲೆಹೊರೆಯಲ್ಲಿ ಪೆಟ್ರೋಲ್ ಬರತೊಡಗಿತು. ಡ್ರಮ್ಮುಗಳಲ್ಲಿ ಬಂದದ್ದು ಕ್ಯಾನ್‌ಗಳಿಗೆ ಇಳಿಯಿತು. ನಾನು ಮೊದಲು ಹೇಳಿದ ಕ್ಯಾನ್ ಇದೇ.

ಈ ಗಡಿಯನ್ನು ಕಾಯುತ್ತಿದ್ದವರು ಯಾರು? ಅದೇ ಸೇನೆ. ಪ್ರತಿ ಲಾರಿಗೂ ಅವರಿಗೆ ಪಾಲು. ಕೆಲವು ಕಡೆ ಲಾರಿಯೇ ಅವರದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಸೇನಾ ದಂಗೆಗೆ ಮೊದಲು ಪೆಟ್ರೋಲ್ ಮಾರುವುದು ಸಾಮಾನ್ಯ ವ್ಯಾಪಾರವಾಗಿತ್ತು. ಹತ್ತು ಜನ ಮಾರುತ್ತಿದ್ದರು, ಲಾಭ ಕಡಿಮೆ. ನಿರ್ಬಂಧ ಬಂದ ಮೇಲೆ ಮಾರಬಲ್ಲವರು ಬಂದೂಕು ಇದ್ದವರು ಮಾತ್ರ. ಲಾಭ ಹತ್ತಾರು ಪಟ್ಟು. ಸೇನಾ ಸರ್ಕಾರವನ್ನು ಉಸಿರುಗಟ್ಟಿಸಲು ಹಾಕಿದ ಕಟ್ಟಪ್ಪಣೆಯೇ ಅದಕ್ಕೆ ತಿಂಗಳ ಸಂಬಳವಾಯಿತು.

ಮುಂಬಾಗಿಲು ಮುಚ್ಚುವ ಮುಂಚೆ ಹಿತ್ತಲ ಬಾಗಿಲ ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ನೋಡಬೇಕು. ದುರ್ಬಲ ದೇಶದಲ್ಲಿ ಅದು ಯಾವಾಗಲೂ ಬಂದೂಕು ಹಿಡಿದವನ ಹತ್ತಿರವೇ ಇರುತ್ತದೆ. ಅಲ್ಲಿ ಪತ್ರಿಕೆ ಪ್ರಶ್ನಿಸುವುದಿಲ್ಲ, ಕೋರ್ಟ್ ಕೇಳುವುದಿಲ್ಲ, ಮುಂದಿನ ಚುನಾವಣೆಯ ಹೆದರಿಕೆ ಇಲ್ಲ. ಜನ ನರಳಿದರೆ ಆಳುವವನು ಬಗ್ಗುತ್ತಾನೆ ಎಂಬುದು ನಿರ್ಬಂಧದ ಹಿಂದಿನ ಲೆಕ್ಕಾಚಾರ. ಜನರ ಮತ ಬೇಕಿಲ್ಲದವನು ಜನರ ನರಳಾಟಕ್ಕೆ ಯಾಕೆ ಬಗ್ಗಬೇಕು?

ಈಗ ಇನ್ನೊಂದು ಮನೆಗೆ ಹೋಗೋಣ. ಹೈಟಿಯ ಬಡವರ ಅಡುಗೆ ನಡೆಯುವುದು ಇದ್ದಿಲಿನ ಮೇಲೆ. ಅಲ್ಲಿ ಅದನ್ನು 'ಶಾಬೊನ್' ಎನ್ನುತ್ತಾರೆ. ಮರ ಕಡಿದು, ಒಟ್ಟಿ, ಮೇಲೆ ಹುಲ್ಲು ಮಣ್ಣು ಮುಚ್ಚಿ, ಒಳಗೆ ಹೊಗೆಯಾಡಲು ಬಿಟ್ಟು, ಕೆಲವು ದಿನ ಕಾದು ತೆಗೆಯುವ ಇದ್ದಿಲು. ಮೂಟೆ ಕಟ್ಟಿ ಪಟ್ಟಣಕ್ಕೆ ಬರುತ್ತದೆ. ಮೂಟೆ ಕೊಳ್ಳಲು ದುಡ್ಡಿಲ್ಲದವರು ಒಂದೊಂದು ಗುಪ್ಪೆ ಕೊಳ್ಳುತ್ತಾರೆ, ಒಂದು ಹೊತ್ತಿನ ಅಡುಗೆಗೆ ಆಗುವಷ್ಟು. ಅಕ್ಕಿ ಅಳೆಯುವುದು 'ಮಾಮಿಟ್' ಎಂಬ ತಗಡಿನ ಡಬ್ಬದಲ್ಲಿ. ಊರಿಂದೂರಿಗೆ ಸರಕು ಸಾಗಿಸಿ ಮಾರುವ ಹೆಂಗಸರಿಗೆ 'ಮದಾನ್ ಸಾರಾ' ಎಂಬ ಹೆಸರು. ದೇಶದ ಊಟ ನಿಂತಿರುವುದೇ ಇವರ ತಲೆಹೊರೆಯ ಮೇಲೆ.

ಡೀಸೆಲ್ ತುಟ್ಟಿಯಾದರೆ ಲಾರಿ ಬಾಡಿಗೆ ಏರುತ್ತದೆ. ಲಾರಿ ಬಾಡಿಗೆ ಏರಿದರೆ ಮದಾನ್ ಸಾರಾ ಹೊತ್ತು ತರುವ ಬಾಳೆ, ಬೀನ್ಸ್, ಇದ್ದಿಲು ಎಲ್ಲ ಏರುತ್ತದೆ. ನಿರ್ಬಂಧದಿಂದ ಆಹಾರ ಮತ್ತು ಔಷಧಕ್ಕೆ ವಿನಾಯಿತಿ ಇತ್ತು ಎಂದು ನಿರ್ಣಯದಲ್ಲಿ ಬರೆದಿದೆ. ನಿಜ, ಬರೆದಿದೆ. ಆದರೆ ಲಸಿಕೆಗೆ ಫ್ರಿಜ್ ಬೇಕು. ಫ್ರಿಜ್‌ಗೆ ಕರೆಂಟ್ ಬೇಕು. ಕರೆಂಟ್ ಇಲ್ಲದ ಕಡೆ ಜನರೇಟರ್‌ಗೆ ಡೀಸೆಲ್ ಬೇಕು. ಆಮೇಲೆ ಎಚ್ಚೆತ್ತು 1994ರಲ್ಲಿ ಪಾನ್ ಅಮೆರಿಕನ್ ಆರೋಗ್ಯ ಸಂಸ್ಥೆಯ ಮೂಲಕ ಆಸ್ಪತ್ರೆಗಳಿಗೆ, ಪರಿಹಾರ ಕೆಲಸಕ್ಕೆ ಪ್ರತ್ಯೇಕ ಇಂಧನ ಹಂಚುವ ವ್ಯವಸ್ಥೆ ಮಾಡಿದರು. ಒಳ್ಳೆಯದೇ. ಆದರೆ ಅಷ್ಟರಲ್ಲಿ ಕಷ್ಟ ಶುರುವಾಗಿ ವರ್ಷಗಳಾಗಿದ್ದವು.

ಕೆಲಸ ಹೋದವರು, ಬೆಳೆ ಮಾರಲಾಗದವರು ಏನು ಮಾಡಿದರು? ಹಳ್ಳಿಯಲ್ಲಿ ಕೈಗೆ ಸಿಗುವ ಕಾಸು ಎಂದರೆ ಮರ. ಮಾವು ಹೈಟಿಯಿಂದ ಅಮೆರಿಕಕ್ಕೆ ಹೋಗುವ ಮುಖ್ಯ ಹಣ್ಣು. ಮಾರಾಟದ ದಾರಿ ಮುಚ್ಚಿತು. ಹಣ್ಣು ಕೊಳ್ಳುವವರಿಲ್ಲ, ಆದರೆ ಇದ್ದಿಲಿಗೆ ಬೆಲೆ ಇದೆ. ರೈತರು ಫಲ ಕೊಡುವ ಮಾವಿನ ಮರಗಳಿಗೇ ಕೊಡಲಿ ಹಾಕಿದರು. ಮಾವಿನ ಮರ ಬೆಳೆಸಿದವರಿಗೆ ಇದರ ಸಂಕಟ ಗೊತ್ತು. ನಿರ್ಬಂಧವನ್ನು ಒಂದು ಬೆಳಗ್ಗೆ ಸಹಿ ಹಾಕಿ ತೆಗೆಯಬಹುದು. ಕಡಿದ ಮರ ಮತ್ತೆ ಹಣ್ಣು ಬಿಡಲು ವರ್ಷಗಳೇ ಬೇಕು. ಅದೂ ಮಳೆಗೆ ಮಣ್ಣು ಕೊಚ್ಚಿಹೋಗದೆ ಉಳಿದಿದ್ದರೆ.

ಒಂದು ಮಾತು ಇಲ್ಲಿ ಹೇಳದಿದ್ದರೆ ನಾನು ನ್ಯಾಯ ಮಾಡಿದಂತಾಗುವುದಿಲ್ಲ. ಹೈಟಿಯ ಬಡವರಲ್ಲಿ ಎಷ್ಟೋ ಜನ ಈ ನಿರ್ಬಂಧವನ್ನು ಬೇಡ ಎನ್ನಲಿಲ್ಲ. ಇನ್ನೂ ಬಿಗಿ ಮಾಡಿ ಎಂದರು. ಅರಿಸ್ಟೀಡ್ ಕೂಡ ಅದನ್ನೇ ಕೇಳುತ್ತಿದ್ದರು. ಹೈಟಿಯಲ್ಲಿ ಒಂದು ಗಾದೆ ಇದೆ: ನೀರಿನಲ್ಲಿರುವ ಕಲ್ಲಿಗೆ ಬಿಸಿಲಲ್ಲಿರುವ ಕಲ್ಲಿನ ಸಂಕಟ ಗೊತ್ತಿಲ್ಲ. ನಾವು ಹೇಗೂ ಬಿಸಿಲಲ್ಲೇ ಇದ್ದೇವೆ, ಬೆಟ್ಟದ ಮೇಲಿನ ಬಂಗಲೆಗಳಲ್ಲಿ ತಣ್ಣಗಿರುವವರಿಗೂ ಒಮ್ಮೆ ಬಿಸಿ ತಾಗಲಿ ಎಂಬುದು ಅವರ ಆಸೆ. ಈ ಆಸೆಯಲ್ಲಿ ತಪ್ಪು ಹುಡುಕಲು ನನಗೆ ಮನಸ್ಸು ಬರುವುದಿಲ್ಲ. ತಪ್ಪು ಅವರದಲ್ಲ. ಬಿಸಿ ಮೇಲಕ್ಕೆ ತಾಗಲಿ ಎಂದು ಅವರು ಸಹಿಸಿಕೊಂಡರು. ಅದು ಮೇಲಕ್ಕೆ ತಾಗದಂತೆ ಸಂದುಗಳನ್ನು ಬಿಟ್ಟವರು ಹೊರಗಿನವರು.

1994ರ ಮೇ 6ರಂದು ಭದ್ರತಾ ಮಂಡಳಿ 917ನೇ ನಿರ್ಣಯದಿಂದ ಹೆಚ್ಚುಕಡಿಮೆ ಇಡೀ ವ್ಯಾಪಾರವನ್ನೇ ನಿಲ್ಲಿಸಿತು. ಸೇನಾಧಿಕಾರಿಗಳ ಮತ್ತು ಅವರ ಕುಟುಂಬದವರ ಪ್ರಯಾಣಕ್ಕೂ ತಡೆ ಬಂತು. ಗಮನಿಸಿ, ದಂಗೆಯಾಗಿ ಎರಡೂವರೆ ವರ್ಷ ಕಳೆದ ಮೇಲೆ! ಮೊದಲು ಬಡವರ ಇಂಧನ, ಕೊನೆಗೆ ಜನರಲ್‌ಗಳ ವೀಸಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವುದು ಇದಕ್ಕೇ.

ಕೊನೆಗೆ ಸೆಡ್ರಾಸ್ ಇಳಿದದ್ದು ಹೇಗೆ? ಜುಲೈ 31ರಂದು 940ನೇ ನಿರ್ಣಯ ಸೇನಾ ಕಾರ್ಯಾಚರಣೆಗೆ ಒಪ್ಪಿಗೆ ಕೊಟ್ಟಿತು. ಸೆಪ್ಟೆಂಬರ್ 18ರಂದು ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್, ಸೆನೆಟರ್ ಸ್ಯಾಮ್ ನನ್, ಮಾಜಿ ಸೇನಾ ಮುಖ್ಯಸ್ಥ ಕಾಲಿನ್ ಪೊವೆಲ್ ಮೂವರೂ ಪೋರ್ಟ್-ಔ-ಪ್ರಿನ್ಸ್‌ನಲ್ಲಿ ಕೂತು ಮಾತಾಡುತ್ತಿದ್ದಾಗ ಅಮೆರಿಕದ ಪ್ಯಾರಾಟ್ರೂಪರ್‌ಗಳ ವಿಮಾನಗಳು ಆಗಲೇ ಮೇಲೇರಿದ್ದವು. ಆ ಸುದ್ದಿ ತಲುಪಿದ ಮೇಲೆ ಸಹಿ ಬಿತ್ತು. ಮರುದಿನ ಪಡೆಗಳು ಇಳಿದವು. ಅಕ್ಟೋಬರ್ 13ರಂದು ಸೆಡ್ರಾಸ್ ಪನಾಮಾಕ್ಕೆ ಹೋದರು. ತಡೆಹಿಡಿದ ಅವರ ಹಣವನ್ನು ಬಿಟ್ಟುಕೊಟ್ಟರು. ಹೈಟಿಯಲ್ಲಿದ್ದ ಅವರ ಮನೆಗಳನ್ನು ಅಮೆರಿಕ ಸರ್ಕಾರವೇ ಬಾಡಿಗೆಗೆ ಹಿಡಿಯಿತು. ಹೌದು, ಬಾಡಿಗೆ ಕೊಟ್ಟು. ಎರಡು ದಿನ ಬಿಟ್ಟು ಅರಿಸ್ಟೀಡ್ ವಾಪಸ್ ಬಂದರು.

ಮಾವಿನ ಮರ ಕಡಿದ ರೈತನಿಗೆ ಮಾತ್ರ ಯಾರೂ ಬಾಡಿಗೆ ಕೊಡಲಿಲ್ಲ.

ಇನ್ನೊಂದು ಬಗೆಯ ನಿರ್ಬಂಧವಿದೆ. ಅದಕ್ಕೆ ಯಾರೂ ಆ ಹೆಸರು ಕೊಡುವುದಿಲ್ಲ. 2000ದಲ್ಲಿ ಹೈಟಿಯ ಸೆನೆಟ್ ಚುನಾವಣೆಯ ಎಣಿಕೆಯಲ್ಲಿ ಗೊಂದಲವಾಯಿತು. ಅದನ್ನೇ ಕಾರಣ ಮಾಡಿ ಅಂತರ-ಅಮೆರಿಕ ಅಭಿವೃದ್ಧಿ ಬ್ಯಾಂಕ್ ಮೊದಲೇ ಒಪ್ಪಿದ್ದ 14.6 ಕೋಟಿ ಡಾಲರ್ ಸಾಲವನ್ನು ಅಮೆರಿಕದ ಒತ್ತಡದಿಂದ ತಡೆಹಿಡಿಯಲಾಯಿತು. ಆ ಹಣ ಏತಕ್ಕೆ ಇತ್ತು? ಕುಡಿಯುವ ನೀರು, ಆರೋಗ್ಯ, ಶಾಲೆ, ರಸ್ತೆ. ಉತ್ತರದ ಪೋರ್ಟ್-ಡಿ-ಪೇ ಪಟ್ಟಣದ ನೀರಿನ ಕೆಲಸವೂ ಅದರಲ್ಲಿತ್ತು. ನಿರ್ಣಯ ಇಲ್ಲ, ಮತದಾನ ಇಲ್ಲ, ಪತ್ರಿಕೆಯಲ್ಲಿ ದೊಡ್ಡ ಸುದ್ದಿಯೂ ಇಲ್ಲ. ಸುಮ್ನೆ ಕಡತ ಮುಂದೆ ಹೋಗಲಿಲ್ಲ, ಅಷ್ಟೇ. 2010ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರದಿಂದ ಕಾಲರಾ ನದಿಗೆ ಸೇರಿದಾಗ ಶುದ್ಧ ನೀರಿನ ವ್ಯವಸ್ಥೆಯೇ ಇಲ್ಲದ ದೇಶದಲ್ಲಿ ಅದು ಕಾಡ್ಗಿಚ್ಚಿನಂತೆ ಹಬ್ಬಿತು. ಸುಮಾರು 10,000 ಜನ ಸತ್ತರು. ಆ ಸಾಲ ಬಂದಿದ್ದರೆ ಕಾಲರಾ ಬರುತ್ತಲೇ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ನೀರಿನ ಪೈಪು ಹಾಕುವ ದುಡ್ಡನ್ನು ರಾಜಕೀಯ ಪಾಠ ಕಲಿಸಲು ಬಳಸಬಾರದು ಎಂದು ಖಂಡಿತ ಹೇಳುತ್ತೇನೆ.

ಈಗ ನಮ್ಮ ಕಾಲಕ್ಕೆ ಬರುತ್ತೇನೆ. 2021ರ ಜುಲೈ 7ರಂದು ಅಧ್ಯಕ್ಷ ಜೊವೆನೆಲ್ ಮೊಯಿಸ್ ಅವರನ್ನು ಅವರ ಮನೆಯಲ್ಲೇ ಕೊಂದರು. ಆಮೇಲೆ ದೇಶದಲ್ಲಿ ಚುನಾಯಿತ ಅಧ್ಯಕ್ಷರೇ ಇಲ್ಲದಂತಾಯಿತು. ಗ್ಯಾಂಗುಗಳು ಬೆಳೆದವು. 2022ರ ಸೆಪ್ಟೆಂಬರ್‌ನಲ್ಲಿ ಜಿಮ್ಮಿ ಶೆರಿಜಿಯೆ ಎಂಬ ಮಾಜಿ ಪೊಲೀಸ್, 'ಬಾರ್ಬೆಕ್ಯೂ' ಎಂದೇ ಹೆಸರಾದವನು, ತನ್ನ ಗ್ಯಾಂಗುಗಳ ಕೂಟದೊಂದಿಗೆ ರಾಜಧಾನಿಯ ವಾರೂ ತೈಲ ಟರ್ಮಿನಲ್ ದಾರಿಯನ್ನು ಅಡ್ಡಗಟ್ಟಿದ. ದೇಶದ ಇಂಧನದ ಬಹುಪಾಲು ಅಲ್ಲಿಂದಲೇ ಹೊರಡಬೇಕು. ನವೆಂಬರ್ ಆರಂಭದವರೆಗೂ ಒಂದು ಹನಿ ಹೊರಬರಲಿಲ್ಲ.

ಆಗ ಏನೇನಾಯಿತು ಎಂದು ಕೇಳಿ. ಆಸ್ಪತ್ರೆಗಳು ವಾರ್ಡ್ ಮುಚ್ಚಿದವು. ನೀರಿನ ಟ್ಯಾಂಕರ್ ಓಡಲಿಲ್ಲ. ಇದ್ದಿಲು, ಅಕ್ಕಿ ತುಟ್ಟಿಯಾದವು. ರಸ್ತೆ ಬದಿಯಲ್ಲಿ ಮತ್ತೆ ಅದೇ ಕ್ಯಾನ್‌ಗಳು, ಹಲವು ಪಟ್ಟು ಬೆಲೆ. ಅಕ್ಟೋಬರ್‌ನಲ್ಲಿ ಕಾಲರಾ ಮರಳಿ ಬಂತು. ಈ ಪಟ್ಟಿಯನ್ನು 1994ರ ಪಕ್ಕದಲ್ಲಿಟ್ಟು ನೋಡಿ. ಅಂದು ಇಂಧನ ನಿಲ್ಲಿಸಿದ್ದು ಭದ್ರತಾ ಮಂಡಳಿ, ಪ್ರಜಾಪ್ರಭುತ್ವಕ್ಕಾಗಿ. ಇಂದು ನಿಲ್ಲಿಸಿದ್ದು ಒಬ್ಬ ಗ್ಯಾಂಗ್ ನಾಯಕ. ಉದ್ದೇಶಗಳ ನಡುವೆ ಆಕಾಶ ಭೂಮಿಯ ಅಂತರ. ಒಲೆಯ ಮುಂದೆ ಕೂತ ಹೆಣ್ಣುಮಗಳಿಗೆ ಮಾತ್ರ ಎರಡೂ ಒಂದೇ ಥರ ಕಂಡವು. ಈ ಸಾಮ್ಯ ಹೊಳೆದ ದಿನ ನಾನು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಅದೇ 2022ರ ಅಕ್ಟೋಬರ್ 21ರಂದು ಭದ್ರತಾ ಮಂಡಳಿ 2653ನೇ ನಿರ್ಣಯ ಮಾಡಿತು. ಈ ಸಲ ದೇಶದ ಮೇಲಲ್ಲ, ಹೆಸರು ಹಿಡಿದು ವ್ಯಕ್ತಿಗಳ ಮೇಲೆ. ಪಟ್ಟಿಯಲ್ಲಿ ಮೊದಲ ಹೆಸರು ಶೆರಿಜಿಯೆಯದು. ಆಸ್ತಿಗೆ ತಡೆ, ಪ್ರಯಾಣಕ್ಕೆ ತಡೆ, ಶಸ್ತ್ರಾಸ್ತ್ರಕ್ಕೆ ತಡೆ. ಪರಿಹಾರ ಕೆಲಸಕ್ಕೆ ಇದರಿಂದ ತೊಂದರೆಯಾಗಬಾರದು ಎಂಬ ವಿನಾಯಿತಿಯನ್ನೂ ನಿರ್ಣಯದಲ್ಲೇ ಬರೆದರು. ತೊಂಬತ್ತರ ದಶಕದ ಹೈಟಿ ಮತ್ತು ಇರಾಕ್‌ನ ಸಾಮಾನ್ಯ ಜನ ಅನುಭವಿಸಿದ್ದರಿಂದ ಕಲಿತ ಪಾಠ ಇದು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ರಾಜಧಾನಿಯ ಒಂದು ಬಡಾವಣೆ ಬಿಟ್ಟು ಕದಲದವನಿಗೆ ಪ್ರಯಾಣದ ತಡೆ ಏನು ಮಾಡುತ್ತದೆ? ಅವನ ಹಣ ಬ್ಯಾಂಕಿನಲ್ಲಿಲ್ಲ. ಅಪಹರಣದ ಹಣ, ರಸ್ತೆ ಸುಂಕದ ಹಣ, ಎಲ್ಲ ಕೈಯಿಂದ ಕೈಗೆ. ಒಂದು ಘಟನೆ ಹೇಳುತ್ತೇನೆ. 2024ರ ಸೆಪ್ಟೆಂಬರ್ 27ರಂದು ವಿಶ್ವಸಂಸ್ಥೆ 'ಗ್ರಾನ್ ಗ್ರಿಫ್' ಗ್ಯಾಂಗಿನ ನಾಯಕ ಲಕ್ಸನ್ ಎಲಾನ್ ಹೆಸರನ್ನು ಪಟ್ಟಿಗೆ ಸೇರಿಸಿತು. ಅಕ್ಟೋಬರ್ 3ರಂದು, ಅಂದರೆ ಆರೇ ದಿನಕ್ಕೆ, ಅದೇ ಗ್ಯಾಂಗು ಆರ್ಟಿಬೊನಿಟ್ ಕಣಿವೆಯ ಪೊಂ-ಸೊಂಡೆ ಊರಿಗೆ ನುಗ್ಗಿತು. ಮೊದಲ ಎಣಿಕೆಯಲ್ಲೇ 70 ಜನ ಸತ್ತಿದ್ದರು. ಆಮೇಲೆ ಆ ಸಂಖ್ಯೆ ನೂರು ದಾಟಿತು.

ಅದೇ ದಿನ ಪಟ್ಟಿಗೆ ಸೇರಿದ ಇನ್ನೊಂದು ಹೆಸರು ನನಗೆ ಜಾಸ್ತಿ ಮುಖ್ಯ. ಪ್ರೋಫಾನ್ ವಿಕ್ಟರ್, ಮಾಜಿ ಸಂಸದ. ತನ್ನ ಕ್ಷೇತ್ರದಲ್ಲಿ ಹಿಡಿತ ಸಾಧಿಸಲು ಹುಡುಗರ ಕೈಗೆ ಬಂದೂಕು ಕೊಟ್ಟು ಗ್ಯಾಂಗು ಬೆಳೆಸಿದರೆಂಬುದು ಅವರ ಮೇಲಿನ ಆರೋಪ. ಕೆನಡಾ ಇನ್ನೂ ಮುಂದೆ ಹೋಯಿತು. 2022ರ ನವೆಂಬರ್‌ನಲ್ಲೇ ಮಾಜಿ ಅಧ್ಯಕ್ಷ ಮಿಷೆಲ್ ಮಾರ್ಟೆಲಿ ಮೇಲೆ ನಿರ್ಬಂಧ ಹಾಕಿತು. ಅಮೆರಿಕ ಅದನ್ನು ಮಾಡಿದ್ದು 2024ರ ಆಗಸ್ಟ್‌ನಲ್ಲಿ. ಇಂಥವರಿಗೆ ವಿದೇಶದಲ್ಲಿ ಖಾತೆ, ಮನೆ, ಸ್ನೇಹಿತರು ಇರುತ್ತಾರೆ. ಇವರಿಗೆ ವೀಸಾ ಬೇಕು. ನಿರ್ಬಂಧ ಚುರುಕು ಮುಟ್ಟಿಸುವುದು ಇಲ್ಲಿ. 1993ರ ಜೂನ್‌ನ ಆ ಹತ್ತು ದಿನ ನೆನಪಿಸಿಕೊಳ್ಳಿ.

ಮಾತು ಮುಗಿದ ಮೇಲೆ ಒಬ್ಬ ಹಿರಿಯರು ಕೇಳಿದರು: "ಹಾಗಾದರೆ ಏನೂ ಮಾಡದೆ ಕೂರಬೇಕೇ? ಚುನಾಯಿತ ಸರ್ಕಾರವನ್ನು ಸೇನೆ ಕಿತ್ತೆಸೆದರೆ ಜಗತ್ತು ನೋಡುತ್ತಾ ಇರಬೇಕೇ?"

ಇಲ್ಲ ಸರ್, ಖಂಡಿತ ಬೇಡ. ನನ್ನ ತಕರಾರು ನಿರ್ಬಂಧದ ಮೇಲಲ್ಲ, ಅದರ ಸರತಿಯ ಮೇಲೆ. ಹೈಟಿಯಲ್ಲಿ ಬಡವನ ಒಲೆಯಿಂದ ಶುರು ಮಾಡಿ ಜನರಲ್‌ನ ಪಾಸ್‌ಪೋರ್ಟ್‌ನಲ್ಲಿ ಮುಗಿಸಿದರು. ತಿರುಗಿಸಿ ಮಾಡಬೇಕಿತ್ತು. ಮೊದಲ ವಾರದಲ್ಲೇ ಮೇಲಿನ ಕೆಲವು ನೂರು ಜನರ ಹಣ ಮತ್ತು ವೀಸಾ ಹಿಡಿಯಬೇಕಿತ್ತು. ಗಡಿಯಲ್ಲಿ ಸರಿಯಾಗಿ ಕಾವಲು ಹಾಕಬೇಕಿತ್ತು. ಅರಿಸ್ಟೀಡ್ ವಿಮಾನದಿಂದ ಇಳಿದು ಅರಮನೆಯಲ್ಲಿ ಕೂತ ಮೇಲಷ್ಟೇ ಹಿಡಿತ ಸಡಿಲಿಸಬೇಕಿತ್ತು.

ಒಬ್ಬ ಹುಡುಗಿ, ಕಾಲೇಜು ವಿದ್ಯಾರ್ಥಿನಿ ಇರಬೇಕು, ಇನ್ನೊಂದು ಪ್ರಶ್ನೆ ಕೇಳಿದಳು: "ಹೈಟಿಯಲ್ಲಿ ಬಂದೂಕು ತಯಾರಾಗುತ್ತದಾ?"

ಇಷ್ಟು ಹೊತ್ತು ನಾನು ಹೇಳಿದ್ದಕ್ಕಿಂತ ಒಳ್ಳೆಯ ಪ್ರಶ್ನೆ ಅದು. ಇಲ್ಲ ತಾಯಿ, ತಯಾರಾಗುವುದಿಲ್ಲ. 2024 ಒಂದೇ ವರ್ಷದಲ್ಲಿ ಅಲ್ಲಿ 5,600ಕ್ಕೂ ಹೆಚ್ಚು ಜನ ಸತ್ತರು ಎಂದು ವಿಶ್ವಸಂಸ್ಥೆ ಲೆಕ್ಕ ಕೊಟ್ಟಿದೆ. ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟಿದ್ದಾರೆ. ಕೊಂದ ಬಂದೂಕುಗಳಲ್ಲಿ ಹೆಚ್ಚಿನವು ಬಂದದ್ದು ಅಮೆರಿಕದಿಂದ, ಅದರಲ್ಲೂ ಫ್ಲೋರಿಡಾದಿಂದ. ಅಲ್ಲಿ ಅಂಗಡಿಯಲ್ಲಿ ಬೇರೆಯವರ ಹೆಸರಿನಲ್ಲಿ ಕೊಳ್ಳುತ್ತಾರೆ. 400–500 ಡಾಲರ್‌ನ ಪಿಸ್ತೂಲು ಹೈಟಿಯಲ್ಲಿ 10,000 ಡಾಲರ್‌ವರೆಗೂ ಮಾರಾಟವಾಗುತ್ತದೆ ಎಂದು ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ 2023ರಲ್ಲಿ ಬರೆದಿದೆ.

ಮಯಾಮಿ ನದಿಯ ದಡದಲ್ಲಿ ಸಣ್ಣ ಸರಕು ಹಡಗುಗಳು ನಿಲ್ಲುತ್ತವೆ. ಅಮೆರಿಕದಲ್ಲಿರುವ ಹೈಟಿಯವರು ಊರಿನ ನೆಂಟರಿಗೆ ಕಳಿಸುವ ಹಳೆ ಹಾಸಿಗೆ, ಸೈಕಲ್, ಬಕೆಟ್, ಅಕ್ಕಿ ಮೂಟೆ, ಬಟ್ಟೆ ಗಂಟು ಡೆಕ್ ತುಂಬ ಒಟ್ಟಿರುತ್ತಾರೆ. ಪ್ರೀತಿಯಿಂದ ಕಳಿಸುವ ಸಾಮಾನು ಅದು. ಅದರ ನಡುವೆ ಎಲ್ಲೋ ಒಂದು ಗಂಟಿನಲ್ಲಿ ಬಿಚ್ಚಿಟ್ಟ ರೈಫಲ್ ಭಾಗಗಳೂ ಹೋಗುತ್ತವೆ. ಹಡಗು ಹೊರಡುವ ಆ ದಡ ಹೈಟಿಯಲ್ಲಿಲ್ಲ. ಅದು ಇರುವುದು ಜಗತ್ತಿನ ಅತ್ಯಂತ ಗಟ್ಟಿ ಸರ್ಕಾರವೊಂದರ ನೆಲದಲ್ಲಿ. ಅಲ್ಲಿ ಪೊಲೀಸರಿದ್ದಾರೆ, ಸ್ಕ್ಯಾನರ್ ಇದೆ, ಕೋರ್ಟ್ ಇದೆ. ಹಡಗು ಬಿಡುವ ಮುಂಚೆ ಆ ಗಂಟನ್ನು ಅಲ್ಲೇ ಬಿಚ್ಚಿ ನೋಡಬಹುದು. ಅದಕ್ಕಾಗಿ ಪೋರ್ಟ್-ಔ-ಪ್ರಿನ್ಸ್‌ನಲ್ಲಿ ಯಾರ ಮನೆಯ ಒಲೆಯನ್ನೂ ಆರಿಸಬೇಕಾಗಿಲ್ಲ.